ಕಾಡುಕೋಣದ ಬೇಟೆಗೆ ಲಂಡನ್ ದಾರಿ

ಸ್ಟ್ಯಾನ್ಮೋರ್

ನಾನು ಲಂಡನ್ನಿಗೆ ಹೋದದ್ದು ಆಫ್ರಿಕಾಕ್ಕೆ ಹೋಗುವ ದಾರಿಯಲ್ಲಿ. ಆಫ್ರಿಕಾವನ್ನು ಈವರೆಗೂ ನೋಡಿಲ್ಲ. ಲಂಡನ್ನಿನಲ್ಲಿ ಕೂಡ ಎಲ್ಲರೂ ನೋಡುವಂಥದ್ದನ್ನು ನೋಡಲಿಲ್ಲ. ಊರಿಗೆ ಬಂದ ಮೇಲೆ ರಾಣಿಯ ಅರಮನೆ ಹೇಗಿದೆ ಎಂದು ಕೇಳಿದವರಿಗೆ ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಒಬ್ಬ ಗೆಳೆಯನ ಮನೆ, ಬೇಟೆ ಸಾಮಾನಿನ ಒಂದು ಅಂಗಡಿ, ಗುಂಡು ಹೊಡೆಯುವ ಒಂದು ಮೈದಾನ, ಪಕ್ಕದ ಮನೆಯ ಅಡುಗೆಕೋಣೆ. ನಾನು ನೋಡಿದ ಲಂಡನ್ ಹೆಚ್ಚುಕಡಿಮೆ ಅಷ್ಟೇ.

ಕರೆಸಿಕೊಂಡವನು ಉತ್ತಯ್ಯ. ಮೈಸೂರಿನ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಅವನು ಕೊಡಗಿನವನು, ನಾನು ಹುಣಸೂರಿನವನು. ಮುಂದೆ ಅವನು ಮನುಷ್ಯರ ಡಾಕ್ಟರಾದ, ನಾನು ದನದ ಡಾಕ್ಟರಾದೆ. ಅವನು ಇಂಗ್ಲೆಂಡಿಗೆ ಹೋಗಿ ಸರಕಾರಿ ಆಸ್ಪತ್ರೆಯಲ್ಲಿ ಮೂಳೆ ಸರ್ಜನ್ ಆಗಿ ಹೆಸರು ಮಾಡಿದ. ನಾನು ಎರವಲು ಸೇವೆಯ ಮೇಲೆ ಅರಣ್ಯ ಇಲಾಖೆಗೆ ಹೋದವನು ಅಲ್ಲೇ ಉಳಿದೆ. ಆನೆಗಳ ಹುಣ್ಣು ತೊಳೆಯುತ್ತ, ಸತ್ತ ಪ್ರಾಣಿಗಳ ಹೊಟ್ಟೆ ಕೊಯ್ದು ನೋಡುತ್ತ ನಿವೃತ್ತನಾದೆ. ವರ್ಷಕ್ಕೊಮ್ಮೆ ಫೋನು, ಅವನು ರಜಕ್ಕೆ ಬಂದಾಗ ಒಂದು ಊಟ, ಇಷ್ಟರಲ್ಲಿ ನಮ್ಮ ಸ್ನೇಹ ಉಳಿದಿತ್ತು. ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷವಾಗಿತ್ತು. ಒಂದು ಸಂಜೆ ಅವನ ಫೋನು ಬಂತು.

"ಟಾಂಜಾನಿಯಾಗೆ ಹೋಗ್ತಾ ಇದೀನಿ ಕಣೋ ಮಾದೇವ. ಕಾಡುಕೋಣಕ್ಕೆ. ಇದೇ ಕೊನೇ ಸಲ. ಒಬ್ಬನೇ ಹೋಗೋಕೆ ಬೇಜಾರು, ನೀನೂ ಬಾ."

"ನಾನು ಕೋವಿ ಮುಟ್ಟಲ್ಲ ಕಣಪ್ಪ."

"ಯಾರು ಮುಟ್ಟು ಅಂದ್ರು? ಜೊತೇಲಿರು ಸಾಕು. ಆಫ್ರಿಕಾದ ಆನೆ ನೋಡ್ಕೊಂಡು ಬಾ."

ಅವನ ಹೆಂಡತಿ ದೇಚಮ್ಮ ತೀರಿಕೊಂಡು ಎರಡು ಚಳಿಗಾಲ ಕಳೆದಿತ್ತು. ಇಲ್ಲ ಎನ್ನಲು ನನಗೆ ಮನಸ್ಸು ಬರಲಿಲ್ಲ. ಆಫ್ರಿಕಾದ ಆನೆಯ ಮೊರದಗಲದ ಕಿವಿಯನ್ನು ಒಮ್ಮೆ ಹತ್ತಿರದಿಂದ ನೋಡುವ ಆಸೆಯೂ ಇತ್ತು. ಅಲ್ಲಿ ಲೈಸೆನ್ಸ್ ಪಡೆದು ಬೇಟೆಯಾಡುವುದು ಅಪರಾಧವಲ್ಲ ಎಂದು ವಿಚಾರಿಸಿ ತಿಳಿದುಕೊಂಡೆ. ಇಲಾಖೆಯಲ್ಲಿ ಕೆಲಸ ಮಾಡಿದವನಿಗೆ ಆ ಅಳುಕು ಇದ್ದೇ ಇರುತ್ತದೆ.

ಸ್ಟ್ಯಾನ್ಮೋರ್ ಜುಬಿಲಿ ಲೈನಿನ ಕೊನೆಯ ನಿಲ್ದಾಣ. ಅದರಾಚೆಗೆ ಟ್ಯೂಬ್, ಅಂದರೆ ನೆಲದಡಿಯ ರೈಲು, ಹೋಗುವುದಿಲ್ಲ. ಉತ್ತಯ್ಯನ ಮನೆ ನಿಲ್ದಾಣದಿಂದ ಸ್ವಲ್ಪ ಏರಿನಲ್ಲಿತ್ತು. ಸುತ್ತಲೂ ಜಾಗ ಬಿಟ್ಟು ಕಟ್ಟಿದ ದೊಡ್ಡ ಮನೆ, ಮುಂದೆ ಕಾರು, ಹಿಂದೆ ಓಕ್ ಮರ. ಅಕ್ಟೋಬರ್ ತಿಂಗಳು, ಎಲೆಗಳು ಉದುರಿ ದಾರಿಯ ತುಂಬ ಬಿದ್ದಿದ್ದವು. ನಮ್ಮೂರಿನಲ್ಲಿ ಮನೆಯಿಂದ ಹಾಲಿನ ಬೂತಿಗೆ ಹೋಗಿಬರುವಷ್ಟರಲ್ಲಿ "ಎಲ್ಲಿಗೆ ಹೊರಟ್ರಿ" ಎಂದು ಎಷ್ಟು ಜನ ಕೇಳುತ್ತಾರೋ ಲೆಕ್ಕವಿಲ್ಲ. ಇಲ್ಲಿ ದಿನಾ ಬೆಳಿಗ್ಗೆ ಆ ಬೀದಿಯ ಉದ್ದಕ್ಕೂ ನಡೆದೆ. ಎದುರಿಗೆ ಬಂದವರು "ಮಾರ್ನಿಂಗ್" ಎಂದು ನನ್ನ ಭುಜದಾಚೆ ಎಲ್ಲೋ ನೋಡಿ ಹೇಳಿ ಮುಂದಕ್ಕೆ ಹೋಗುತ್ತಿದ್ದರು. ಒರಟುತನವೇನಲ್ಲ. ಒಬ್ಬರ ಏಕಾಂತವನ್ನು ಇನ್ನೊಬ್ಬರು ತುಳಿಯಬಾರದು ಎಂಬ ಮರ್ಯಾದೆ ಅದು ಎಂದು ಆಮೇಲೆ ತಿಳಿಯಿತು. ತಿಳಿದ ಮೇಲೂ ಮಾತಾಡಿಸಿದ್ದರೆ ಚೆನ್ನಾಗಿತ್ತು ಅನ್ನಿಸುತ್ತಿತ್ತು.

ನಡುಮನೆಯ ಗೋಡೆಯ ಮೇಲೆ ಒಂದು ಕಾಡುಕೋಣದ ತಲೆಯಿತ್ತು. ನಮ್ಮ ಕಾಟಿಯ ಜಾತಿಯಲ್ಲ ಇದು, ಎಮ್ಮೆಯ ಕಡೆಯದು. ಎರಡು ಕೊಂಬುಗಳ ಬುಡ ನೆತ್ತಿಯಲ್ಲಿ ಒಂದಾಗಿ ಬಂಡೆಯಂತೆ ಕೂತಿತ್ತು. ಹಿಂದೊಮ್ಮೆ ಟಾಂಜಾನಿಯಾದಲ್ಲೇ ಹೊಡೆದದ್ದು. ಅದರ ಕೆಳಗೆ ಕೂತು ಉತ್ತಯ್ಯ ಹೇಳುತ್ತಿದ್ದ.

"ಮೊದಲನೇ ಗುಂಡು ಭುಜದ ಹಿಂದೇನೇ ಬಿತ್ತು. ಆದ್ರೂ ಹೋಯ್ತು. ಇದು ಓಡಿಹೋಗೋ ಪ್ರಾಣಿ ಅಲ್ಲ ಕಣೋ. ಸುತ್ತು ಹಾಕ್ಕೊಂಡು ಬಂದು ತನ್ನ ಹೆಜ್ಜೆ ಪಕ್ಕದಲ್ಲೇ ಪೊದೆಯೊಳಗೆ ನಿಂತ್ಕೊಳ್ಳುತ್ತೆ. ನಾವು ಹೆಜ್ಜೆ ನೋಡ್ಕೊಂಡು ಹೋಗ್ತಿರ್ತೀವಿ, ಅದು ನಮ್ಮನ್ನ ನೋಡ್ತಿರುತ್ತೆ."

ಅವನ ರೈಫಲ್ ಮಹಡಿಯ ಮೇಲೆ ಗೋಡೆಗೆ ಬೋಲ್ಟ್ ಹಾಕಿ ಬಿಗಿದ ಉಕ್ಕಿನ ಬೀರುವಿನಲ್ಲಿತ್ತು. ಅದರ ಕೀಲಿ ಎಲ್ಲಿದೆಯೆಂದು ಲೈಸೆನ್ಸ್ ಇದ್ದವನಿಗೆ ಮಾತ್ರ ಗೊತ್ತಿರಬೇಕು, ಮನೆಯವರಿಗೂ ಹೇಳುವಂತಿಲ್ಲ. ಕೊಡಗಿನ ಮನೆಗಳಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುವುದನ್ನು ನಾನು ನೋಡಿದ್ದೆ. ಇಲ್ಲಿ ಅದನ್ನು ಹೊರಗೆ ತೆಗೆಯುವಾಗ ಅವನು ನನ್ನನ್ನು ಕೆಳಗೆ ಕಳಿಸುತ್ತಿದ್ದ.

ಪಿಕಾಡಿಲಿಯ ಹಿಂದಿನ ಬೀದಿ

ಬೇಟೆಯ ಉಡುಪು ಕೊಳ್ಳಲು ಟ್ಯೂಬಿನಲ್ಲಿ ಹೋದೆವು. ಅಂಗಡಿಗೆ ದೊಡ್ಡ ಬೋರ್ಡಿರಲಿಲ್ಲ. ಒಳಗೆ ಹಳೆಯ ಮರದ ವಾಸನೆ, ಚರ್ಮದ ವಾಸನೆ. ಬಿಳಿ ಮೀಸೆಯ ಒಬ್ಬರು ಬಂದು, ಎಲ್ಲಿಗೆ ಹೋಗುತ್ತೀರಿ, ಯಾವ ಪ್ರಾಣಿಗೆ ಎಂದು ಮಾತ್ರ ಕೇಳಿದರು. ಕಾಯಿಲೆ ಕೇಳುವ ಡಾಕ್ಟರ ಹಾಗೆ.

ಬಟ್ಟೆ ಆರಿಸುವುದನ್ನು ನಾನು ಅಲ್ಲಿ ಕಲಿತೆ. ಉತ್ತಯ್ಯ ಅಂಗಿಯ ತೋಳನ್ನು ಕಿವಿಯ ಹತ್ತಿರ ಹಿಡಿದು ಉಜ್ಜುತ್ತಿದ್ದ. ಸರಕ್ ಎಂದರೆ ಬೇಡ. ಮುಳ್ಳುಪೊದೆಯಲ್ಲಿ ನುಸುಳುವಾಗ ಆ ಸದ್ದು ಪ್ರಾಣಿಗೆ ಕೇಳುತ್ತದಂತೆ. ಜೇಬಿಗೆ ಗುಂಡಿಯಿರಬೇಕು, ಪರ್ರನೆ ಕೀಳುವ ಅಂಟುಪಟ್ಟಿ ಕೂಡದು. ನೀಲಿ, ಕಪ್ಪು ಬೇಡವೇ ಬೇಡ, ಅಲ್ಲಿಯ ಕಚ್ಚುವ ನೊಣಗಳಿಗೆ ಆ ಬಣ್ಣ ಕಂಡರೆ ಪ್ರೀತಿ. ನಾನು ಊರಿಂದ ಹೊಲಿಸಿ ತಂದಿದ್ದ ಎರಡೂ ಪ್ಯಾಂಟು ಕಡುನೀಲಿ. ಉತ್ತಯ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನ್ನನ್ನ ಕರ್ಕೊಂಡು ಹೋದ್ರೆ ನೊಣ ಎಲ್ಲಾ ನಿನ್ನ ಮೇಲೇ ಬರುತ್ತೆ, ನಾನು ಆರಾಮಾಗಿರ್ತೀನಿ" ಎಂದ. ಅವನು ನಕ್ಕದ್ದನ್ನು ನಾನು ಬಂದ ಮೇಲೆ ಅಂದೇ ಮೊದಲು ನೋಡಿದ್ದು.

ಬೂಟು ಹಾಕಿ ನೋಡಲು ಕೂತಾಗ ನನ್ನ ಮಾನ ಹೋಯಿತು. ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಬಂದಿತ್ತು. ಮೀಸೆಯವರು ಅದನ್ನು ನೋಡಿಯೇ ಇಲ್ಲವೆಂಬಂತೆ ಒಳಗೆ ಹೋಗಿ, ಒಂದು ಜೊತೆ ದಪ್ಪ ಉಣ್ಣೆಯ ಕಾಲುಚೀಲ ತಂದು ನನ್ನ ಪಕ್ಕದಲ್ಲಿಟ್ಟು, ಕಿಟಕಿಯಾಚೆ ನೋಡುತ್ತ ನಿಂತರು. ಬೂಟಿನ ಅಟ್ಟೆ ಮೆತ್ತಗಿನ ರಬ್ಬರಿನದಾಗಿರಬೇಕು, ಕಾಲಿಟ್ಟಾಗ ಕೆಳಗೆ ಕಡ್ಡಿಯಿದೆಯೆಂದು ಪಾದಕ್ಕೆ ಗೊತ್ತಾಗಬೇಕು, ಹೊಸ ಬೂಟಿನಲ್ಲಿ ಎಂದೂ ಕಾಡಿಗೆ ಹೋಗಬೇಡಿ, ಈಗಿನಿಂದಲೇ ಹಾಕಿಕೊಂಡು ನಡೆದಾಡಿ ಎಂದರು. ಅವರ ಮಾತು ಕೇಳಿ ಆ ಕ್ಷಣದಿಂದಲೇ ಹಾಕಿಕೊಂಡೆ. ಊರಿಗೂ ಅದರಲ್ಲೇ ಬಂದೆ.

ಕೊನೆಗೆ ಬೈನಾಕ್ಯುಲರ್. ಉತ್ತಯ್ಯ ಹತ್ತುಪಟ್ಟು ದೊಡ್ಡದಾಗಿ ತೋರಿಸುವುದನ್ನೇ ಕೇಳಿದ. ಬಾಗಿಲ ಬಳಿ ನಿಂತು ಎದುರಿನ ಕಟ್ಟಡದ ಮಾಡಿನ ಮೇಲಿದ್ದ ಪಾರಿವಾಳವನ್ನು ಬಹಳ ಹೊತ್ತು ನೋಡಿದ. ಕೆಳಗಿಳಿಸಿ ಕಣ್ಣೊರೆಸಿಕೊಂಡು ಮತ್ತೆ ನೋಡಿದ.

"ಇದರಲ್ಲೇನೋ ದೋಷ ಇದೆ. ಚಿತ್ರ ನಿಲ್ಲೋದಿಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿದ.

ಮೀಸೆಯವರು ಎಂಟುಪಟ್ಟಿನದೊಂದನ್ನು ತಂದುಕೊಟ್ಟರು. ಅವನು ಅದರಲ್ಲಿ ನೋಡುತ್ತಿದ್ದಾಗ ನಾನು ಮೊದಲಿನದನ್ನು ಎತ್ತಿ ಕಣ್ಣಿಗಿಟ್ಟೆ. ಪಾರಿವಾಳದ ಕುತ್ತಿಗೆಯ ಹಸಿರು ಮಿಂಚು, ಕೆಂಪು ಕಾಲು, ಎಲ್ಲ ನಿಚ್ಚಳವಾಗಿತ್ತು. ಏನೂ ಅಲುಗುತ್ತಿರಲಿಲ್ಲ. ಕಣ್ಣಿನಿಂದ ತೆಗೆದಾಗ ಮೀಸೆಯವರು ನನ್ನನ್ನೇ ನೋಡುತ್ತಿದ್ದರು. ನಾನು ಅದನ್ನು ಪೆಟ್ಟಿಗೆಯಲ್ಲಿಟ್ಟೆ.

ಕ್ರೋಯ್ಡನ್

ಉತ್ತಯ್ಯನ ಒಬ್ಬಳೇ ಮಗಳು ನೀನಾ ಕ್ರೋಯ್ಡನ್ನಿನಲ್ಲಿ ಜಿಪಿ, ಅಂದರೆ ನಮ್ಮ ಕಡೆಯ ಫ್ಯಾಮಿಲಿ ಡಾಕ್ಟರಿದ್ದ ಹಾಗೆ. ಆ ಭಾನುವಾರ ಊಟಕ್ಕೆ ಕರೆದಿದ್ದಳು. ಉತ್ತಯ್ಯ ನೆಗಡಿಯೆಂದು ಹೇಳಿ ನನ್ನೊಬ್ಬನನ್ನೇ ಕಳಿಸಿದ. ಲಂಡನ್ನಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವುದೆಂದರೆ ಹುಣಸೂರಿನಿಂದ ಮೈಸೂರಿಗೆ ಹೋಗಿಬಂದಷ್ಟು. ಟ್ಯೂಬಿನಲ್ಲಿ ಎದುರುಬದುರು ಕೂತವರು ಮೊಣಕಾಲು ತಗಲುವಷ್ಟು ಹತ್ತಿರವಿದ್ದರೂ ಎಲ್ಲರಿಗೂ ಒಂದೊಂದು ಪೇಪರಿನ ಗೋಡೆ. ಲಂಡನ್ ಬ್ರಿಜ್‌ನಲ್ಲಿ ಇಳಿದು ರೈಲು ಹಿಡಿದೆ. ಕ್ರೋಯ್ಡನ್ನಿನಲ್ಲಿ ಇಳಿದರೆ ಎತ್ತರದ ಆಫೀಸು ಕಟ್ಟಡಗಳ ನಡುವೆ ಟ್ರಾಮ್ ಓಡುತ್ತಿತ್ತು. ಸೀರೆಯ ಮೇಲೆ ಕೋಟು ಹಾಕಿದ ಒಬ್ಬ ಹೆಂಗಸು ಕೊತ್ತಂಬರಿ ಸೊಪ್ಪಿನ ಚೀಲ ಹಿಡಿದು ನಿಂತಿದ್ದರು. ಸುಮ್ಮನೆ ಹೋಗಿ ಅವರ ಪಕ್ಕದಲ್ಲಿ ನಿಂತುಕೊಂಡೆ.

ನೀನಾಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ಇಂಗ್ಲಿಷಿನಲ್ಲಿ. ಊಟ ಬಡಿಸಿ, ಕೂತು, ನಾನು ತಿನ್ನುವುದನ್ನು ನೋಡುತ್ತಿದ್ದವಳು ಕಷ್ಟಪಟ್ಟು ಕನ್ನಡದಲ್ಲೇ ಕೇಳಿದಳು.

"ಅಂಕಲ್, ಡ್ಯಾಡ್ ಕೈ ನೋಡಿದ್ರಾ ನೀವು?"

"ನೋಡಿದೆನಮ್ಮ."

ಆಮೇಲೆ ಇಂಗ್ಲಿಷಿನಲ್ಲಿ ಹೇಳಿದಳು. ಹೀಗೆ ನಡುಗುವ ಕೈಗಳನ್ನು ತಾನು ವಾರವಾರವೂ ನೋಡುತ್ತೇನೆ, ಬಾಗಿಲು ತೆಗೆದು ಒಳಗೆ ಬರುವಾಗಲೇ ಗೊತ್ತಾಗುತ್ತದೆ ಎಂದಳು. ಅಪ್ಪ ಮಾತ್ರ ಚಳಿ ಅನ್ನುತ್ತಾರೆ, ಕಾಫಿ ಜಾಸ್ತಿಯಾಯಿತು ಅನ್ನುತ್ತಾರೆ. ಯಾವ ಡಾಕ್ಟರಿಗೂ ತೋರಿಸಿಲ್ಲ.

"ನೀವು ಹೇಳಿದ್ರೆ ಕೇಳ್ತಾರೆ" ಎಂದಳು, ಮತ್ತೆ ಕನ್ನಡಕ್ಕೆ ಬಂದು.

"ಅವನು ಯಾರ ಮಾತು ಕೇಳಿದಾನಮ್ಮ?"

"ಅಮ್ಮಂದು ಕೇಳ್ತಿದ್ರು."

ಸ್ಟೇಷನ್ನಿಗೆ ಬಿಡಲು ಅವಳೇ ಬಂದಳು. ರೈಲು ಹೊರಟ ಮೇಲೂ ಪ್ಲಾಟ್‌ಫಾರಮ್ಮಿನಲ್ಲೇ ನಿಂತಿದ್ದಳು.

ಗುಂಡಿನ ಮೈದಾನ

ಲಂಡನ್ನಿನ ವಾಯವ್ಯಕ್ಕೆ, ಮನೆಗಳು ಮುಗಿದು ಹೊಲಗಳು ಶುರುವಾಗುವ ಕಡೆ ಆ ಮೈದಾನವಿತ್ತು. ಉತ್ತಯ್ಯನೇ ಕಾರು ಓಡಿಸಿದ. ಸ್ಟೀರಿಂಗ್ ಹಿಡಿದಾಗ ಅವನ ಕೈ ಅಷ್ಟಾಗಿ ನಡುಗುತ್ತಿರಲಿಲ್ಲ. ಗಟ್ಟಿಯಾಗಿ ಹಿಡಿದರೆ ನಿಲ್ಲುತ್ತಿತ್ತು, ಹಗುರವಾಗಿ ಹಿಡಿಯಬೇಕಾದಾಗ ಶುರುವಾಗುತ್ತಿತ್ತು. ಗುರಿ ಹಿಡಿಯುವುದು ಹಗುರವಾದ ಕೈಯ ಕೆಲಸ.

ಅಲ್ಲಿ ಕಲಿಸುವವರು ಒಬ್ಬ ಹೆಂಗಸು, ಐವತ್ತರ ಆಸುಪಾಸು, ಹಸಿರು ಕೋಟು, ಕೆಸರಿನ ಬೂಟು. ಮಣ್ಣಿನ ದಿಬ್ಬಕ್ಕೆ ಒರಗಿಸಿದ ಹಲಗೆಯ ಮೇಲೆ ಕಾಡುಕೋಣದ ಚಿತ್ರ ಅಂಟಿಸಿದ್ದರು, ಪಕ್ಕಕ್ಕೆ ತಿರುಗಿ ನಿಂತ ಕೋಣ. ಮೂರು ಕೋಲುಗಳನ್ನು ಮೇಲ್ತುದಿಯಲ್ಲಿ ಕಟ್ಟಿ ಕಾಲು ಅಗಲಿಸಿ ನಿಲ್ಲಿಸಿ, ಅದರ ಕವಲಿನಲ್ಲಿ ರೈಫಲಿನ ನಳಿಗೆಯಿಟ್ಟು ನಿಂತೇ ಹೊಡೆಯಬೇಕು. ಆಫ್ರಿಕಾದ ಹುಲ್ಲು ಎತ್ತರ, ಮಲಗಿ ಹೊಡೆಯಲು ಆಗುವುದಿಲ್ಲ.

ಉತ್ತಯ್ಯನದು ದೊಡ್ಡ ಪ್ರಾಣಿಗಳಿಗೆಂದೇ ಮಾಡಿದ ದಪ್ಪ ನಳಿಗೆಯ ರೈಫಲ್. ತೋಟಾ ನನ್ನ ಬೆರಳಿಗಿಂತ ಉದ್ದ. ಮೊದಲನೆಯ ಗುಂಡು ಹಾರಿದಾಗ ಕಿವಿಗೆ ಮುಚ್ಚಳ ಹಾಕಿಕೊಂಡಿದ್ದರೂ ಸದ್ದು ನನ್ನ ಎದೆಗೆ ಬಂದು ಬಡಿಯಿತು. ಅವನ ಭುಜ ಹಿಂದಕ್ಕೆ ಹೋಗಿ ಮುಂದಕ್ಕೆ ಬಂತು. ಇನ್ನೊಂದು. ಮತ್ತೊಂದು, ಹೀಗೆ ಐದಾರು. ಆ ಹೆಂಗಸು ದೂರದರ್ಶಕದಲ್ಲಿ ನೋಡಿ ಪ್ರತಿ ಸಲವೂ "ಲವ್ಲಿ" ಎನ್ನುತ್ತಿದ್ದರು. ಆಮೇಲೆ ನನಗೂ ನೋಡಲು ಬಿಟ್ಟರು. ಒಂದು ಗುಂಡು ಕೋಣದ ಬೆನ್ನಿನ ಮೇಲಿನ ಆಕಾಶದಲ್ಲಿ, ಒಂದು ಕುತ್ತಿಗೆಯ ಅಂಚಿನಲ್ಲಿ, ಉಳಿದವು ಹೊಟ್ಟೆಯಲ್ಲಿ. ಭುಜದ ಹಿಂದೆ, ಎದೆಗೂಡಿನ ಜಾಗದಲ್ಲಿ, ಕಾಗದ ಶುಭ್ರವಾಗಿತ್ತು.

ಉತ್ತಯ್ಯ ತೋಟಾ ತರಲು ಕಾರಿನ ಕಡೆ ಹೋದಾಗ ಆಕೆ ತಗ್ಗಿದ ದನಿಯಲ್ಲಿ ಕೇಳಿದರು.

"ಅಲ್ಲಿ ಅವರ ಪಕ್ಕದಲ್ಲಿ ನಿಲ್ಲೋದು ಯಾರು?"

"ನಾನು" ಎಂದೆ.

ಅವರು ನನ್ನ ಮುಖ ನೋಡಿದರು. ಈ ಸಲ ಲವ್ಲಿ ಅನ್ನಲಿಲ್ಲ.

ವಾಪಸು ಬರುವಾಗ ಪೆಟ್ರೋಲ್ ಬಂಕಿನ ಪಕ್ಕ ಕಾರು ನಿಲ್ಲಿಸಿ ಪೇಪರ್ ಲೋಟದಲ್ಲಿ ಚಹಾ ಕುಡಿದೆವು. ಕಾರಿನ ಗಾಜಿನ ಮೇಲೆ ಸಣ್ಣ ಮಳೆ. ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಕಾಟಿಯ ಕಥೆ ತೆಗೆದೆ. ಎಷ್ಟೋ ವರ್ಷದ ಹಿಂದೆ ಡಿ.ಬಿ. ಕುಪ್ಪೆಯ ಕಾಡಿನ ಕಡೆ ಯಾರೋ ಕದ್ದು ಬೇಟೆಯಾಡುವವರು ಒಂದು ಕಾಟಿಗೆ ಗುಂಡು ಹೊಡೆದು, ಬೀಳಿಸಲಾರದೆ ಓಡಿಹೋಗಿದ್ದರು. ಬೆಳಿಗ್ಗೆ ಗಸ್ತಿಗೆ ಹೋದ ನಮ್ಮ ವಾಚರ್ ಬೊಮ್ಮನ ಮೇಲೆ ಆ ಕಾಟಿ ಲಂಟಾನದ ಪೊದೆಯಿಂದ ಹಾಯಿತು. ಬೊಮ್ಮನ ಕೈಯಲ್ಲಿದ್ದದ್ದು ಒಂದು ಮಚ್ಚು. ಸಂಜೆಯ ಹೊತ್ತಿಗೆ ಕಾಟಿಯೂ ಸತ್ತಿತ್ತು.

"ನಾನೇ ಕೊಯ್ದು ನೋಡಿದ್ದು. ಗುಂಡು ಹೊಟ್ಟೇಲಿತ್ತು. ಒಂದು ಗೇಣು ಮುಂದಕ್ಕೆ ಬಿದ್ದಿದ್ರೆ ಅಲ್ಲೇ ಬೀಳ್ತಿತ್ತು ಕಣೋ. ಬೊಮ್ಮ ಉಳ್ಕೋತಿದ್ದ."

ಉತ್ತಯ್ಯ ಗಾಜಿನ ಆಚೆ ನೋಡುತ್ತಿದ್ದ.

"ನನ್ನ ಕೈ ನಡುಗುತ್ತೆ ಅಂತ ಹೇಳೋಕೆ ಇಷ್ಟುದ್ದ ಕಥೆ ಬೇಕಾಗಿತ್ತಾ?"

"ಬೇಕಾಗಿತ್ತು."

"ನಿನಗೆ ಭಯ ಆದ್ರೆ ಭಯ ಅನ್ನು."

"ನಿನ್ನ ಪಕ್ಕ ನಿಲ್ಲೋಕೆ ನನಗೆ ಭಯ ಇಲ್ಲ. ಮುಂದೆ ಹೆಜ್ಜೆ ನೋಡ್ಕೊಂಡು ಹೋಗೋನು ಒಬ್ಬ ಇರ್ತಾನಲ್ಲ, ಅವನ ಕೈಲಿ ಕೋವಿ ಇರಲ್ಲ. ನೀನು ರೈಫಲ್ ತಗೊಂಡು ಹೋಗೋದಾದ್ರೆ ನಾನು ಬರಲ್ಲ."

"ಬರಬೇಡ."

ಅಷ್ಟು ಹೇಳಿ ಲೋಟದಲ್ಲಿ ಉಳಿದಿದ್ದ ಚಹಾವನ್ನು ಕಿಟಕಿಯಿಂದ ಚೆಲ್ಲಿ ಕಾರು ಹೊರಡಿಸಿದ.

ಸ್ಟ್ಯಾನ್ಮೋರ್, ಒಬ್ಬನೇ

ಅಂದಿನಿಂದ ಅವನು ಹೊರಡುವವರೆಗೆ ನಾವು ಮಾತಾಡಲಿಲ್ಲ. ಒಂದೇ ಮೇಜಿನಲ್ಲಿ ಕೂತು ಉಂಡೆವು. ಅವನು ಸಾರಿನ ಪಾತ್ರೆಯನ್ನು ನನ್ನ ಕಡೆ ಸರಿಸುತ್ತಿದ್ದ, ನಾನು ಉಪ್ಪಿನಕಾಯಿಯನ್ನು ಅವನ ಕಡೆ ಸರಿಸುತ್ತಿದ್ದೆ. ನೀನಾ ಫೋನು ಮಾಡಿ ಅಪ್ಪನೊಂದಿಗೆ ಬಹಳ ಹೊತ್ತು ಜಗಳವಾಡಿದಳು. ಅವನು ಫೋನಿಟ್ಟು ಬೂಟಿಗೆ ಮೇಣ ಹಚ್ಚುತ್ತ ಕೂತ. ಹೊರಡುವ ಬೆಳಿಗ್ಗೆ ಟ್ಯಾಕ್ಸಿ ಬಂದು ನಿಂತಿತ್ತು. ರೈಫಲಿನ ಉದ್ದನೆಯ ಪೆಟ್ಟಿಗೆಯನ್ನು ಡ್ರೈವರ್ ಎತ್ತಿಟ್ಟ. ಉತ್ತಯ್ಯ ಬಾಗಿಲಿನವರೆಗೆ ಹೋದವನು ತಿರುಗಿ ನಿಂತು, "ಬುಧವಾರ ಕಸದ ಡಬ್ಬಿ ಆಚೆ ಇಡು. ಕೌನ್ಸಿಲ್‌ನವರು ಬೇಗ ಬರ್ತಾರೆ" ಎಂದ. ನನ್ನ ವಾಪಸು ಟಿಕೆಟ್ಟು ಅವನು ಬರುವ ದಿನದ ನಂತರಕ್ಕಿತ್ತು. ಹಾಗಾಗಿ ಯಾರೂ ಇಲ್ಲದ ಆ ಮನೆಗೆ ನಾನು ಯಜಮಾನನಾದೆ.

ಒಂಟಿತನ ನನಗೆ ಹೊಸದಲ್ಲ. ಕಾಡಿನ ಕ್ಯಾಂಪುಗಳಲ್ಲಿ ವಾರಗಟ್ಟಲೆ ಒಬ್ಬನೇ ಇದ್ದವನು ನಾನು. ಆದರೆ ಅಲ್ಲಿ ಸದ್ದಿರುತ್ತದೆ. ಜೀರುಂಡೆ, ಕಡವೆಯ ಕೂಗು, ಆನೆ ಬಿದಿರು ಮುರಿಯುವುದು, ಏನಾದರೊಂದು. ಈ ಮನೆಯ ಕಿಟಕಿಗಳಿಗೆ ಎರಡೆರಡು ಗಾಜು. ಹೊರಗಿನ ಗಾಳಿ ಕೂಡ ಕಾಣುತ್ತಿತ್ತೇ ಹೊರತು ಕೇಳುತ್ತಿರಲಿಲ್ಲ. ಹೀಟರಿನ ಕೊಳವೆಗಳು ಆಗಾಗ ಟಕ್ ಎನ್ನುತ್ತಿದ್ದವು. ನಾಲ್ಕು ಗಂಟೆಗೆಲ್ಲ ಬೆಳಕು ಮಂಕಾಗುತ್ತಿತ್ತು. ಫೋನು ರಿಂಗಾದಾಗಲೆಲ್ಲ ಆಫ್ರಿಕಾದಿಂದಲೇ ಇರಬೇಕೆಂದು ಓಡಿಹೋಗಿ ಎತ್ತುತ್ತಿದ್ದೆ. ಪ್ರತಿ ಸಲವೂ ಯಾವುದೋ ಕಂಪನಿಯವರು, ನಿಮ್ಮ ಕಿಟಕಿಗಳನ್ನು ಬದಲಾಯಿಸುತ್ತೀರಾ ಎಂದು ವಿನಯದಿಂದ ಕೇಳುತ್ತಿದ್ದರು. ಒಮ್ಮೆ ಊರಿಗೆ ಫೋನು ಮಾಡಿದೆ. "ಆನೆ ನೋಡಿದ್ರಾ?" ಎಂದು ಹೆಂಡತಿ ಕೇಳಿದಳು. "ಇನ್ನೂ ಇಲ್ಲ" ಎಂದೆ. ಸುಳ್ಳೇನಲ್ಲ.

ಬುಧವಾರ ಬೆಳಿಗ್ಗೆ ಕಸದ ಡಬ್ಬಿಯನ್ನು ಗೇಟಿನವರೆಗೆ ಉರುಳಿಸಿಕೊಂಡು ಹೋಗಿಟ್ಟು ತಿರುಗುವಷ್ಟರಲ್ಲಿ ಹಿಂದೆ ಬಾಗಿಲು ಮುಚ್ಚಿಕೊಂಡಿತು. ಅಲ್ಲಿಯ ಬಾಗಿಲು ಒಮ್ಮೆ ಮುಚ್ಚಿದರೆ ಕೀಲಿಯಿಲ್ಲದೆ ಹೊರಗಿನಿಂದ ತೆಗೆಯಲಾಗದು. ನಾನು ಪೈಜಾಮದಲ್ಲಿದ್ದೆ, ಮೇಲೊಂದು ಮಂಕಿ ಟೋಪಿ, ಕಾಲಿಗೆ ಬೇಟೆಯ ಹೊಸ ಬೂಟು. ಕಿಟಕಿಗಳನ್ನೆಲ್ಲ ತಳ್ಳಿ ನೋಡಿದೆ. ಕಳ್ಳನೆಂದು ತಿಳಿದಾರೆಂಬ ಭಯ ಬೇರೆ. ಬೇಲಿಯ ಆಚೆಯಿಂದ ಒಂದು ತಲೆ ಕಾಣಿಸಿತು. ಪಕ್ಕದ ಮನೆಯ ಮಿಸೆಸ್ ರೋಸ್, ಎಂಬತ್ತು ದಾಟಿದ ವಿಧವೆ.

"ನೀವು ಡಾಕ್ಟರ ಸ್ನೇಹಿತರಲ್ಲವೇ? ಒಳಗೆ ಬನ್ನಿ, ಹೆಪ್ಪುಗಟ್ಟಿ ಹೋಗುತ್ತೀರಿ."

ಅವರ ಅಡುಗೆಕೋಣೆಯಿಂದ ನೀನಾಗೆ ಫೋನು ಮಾಡಿದೆ. ಅವಳ ಬಳಿ ಇನ್ನೊಂದು ಕೀಲಿಯಿತ್ತು, ಸರ್ಜರಿ ಮುಗಿಸಿ ಬರುತ್ತೇನೆಂದಳು. ಜಿಪಿಗಳು ತಮ್ಮ ಕ್ಲಿನಿಕ್ಕನ್ನು ಸರ್ಜರಿ ಎನ್ನುತ್ತಾರೆಂದು ನನಗೆ ಗೊತ್ತಿರಲಿಲ್ಲ. ಯಾರದೋ ಆಪರೇಷನ್ ನಡೆಯುತ್ತಿದೆಯೆಂದು ತಿಳಿದು, ಅವಸರ ಮಾಡಬೇಡಮ್ಮ, ರೋಗಿಯನ್ನು ನೋಡಿಕೋ ಎಂದೆ.

ಮಿಸೆಸ್ ರೋಸ್ ಚಹಾ ಕೊಟ್ಟರು, ಸೂಪು ಕೊಟ್ಟರು, ಗಂಡನ ಕಂಬಳಿಯಂಥ ಕೋಟು ಹೊದಿಸಿದರು. ದೇಚಮ್ಮ ಇದ್ದಾಗ ಇಬ್ಬರೂ ದಿನಾ ಬೇಲಿಯ ಬಳಿ ಮಾತಾಡುತ್ತಿದ್ದರಂತೆ. ಈಗಲೂ ಸೂಪು ಮಾಡಿದಾಗ ಡಾಕ್ಟರಿಗೊಂದು ಡಬ್ಬಿ ಕೊಡುತ್ತಾರೆ. ಅವನು ಡಬ್ಬಿ ತೊಳೆದು, ಥ್ಯಾಂಕ್ಸ್ ಹೇಳಿ, ಮೆಟ್ಟಿಲ ಮೇಲಿಂದಲೇ ಕೊಟ್ಟು ಹೋಗುತ್ತಾನೆ. ಎಂದೂ ಒಳಗೆ ಬಂದವನಲ್ಲ, ಒಳಗೆ ಕರೆದವನೂ ಅಲ್ಲ.

"ಆದರೆ ನಾನು ಅವರನ್ನು ದಿನಾ ನೋಡುತ್ತೇನೆ" ಎಂದು ಸಿಂಕಿನ ಮೇಲಿನ ಕಿಟಕಿ ತೋರಿಸಿದರು. ಅಲ್ಲಿಂದ ಉತ್ತಯ್ಯನ ಹಿಂದಿನ ಕೋಣೆ ಕಾಣುತ್ತಿತ್ತು. "ಬೆಳಿಗ್ಗೆ ಎದ್ದು ಒಂದು ಊರುಗೋಲನ್ನು ಹೆಗಲಿಗೆ ಎತ್ತಿ ಹಿಡಿಯುತ್ತಾರೆ, ಸಿಪಾಯಿಯ ಹಾಗೆ. ಹಿಡಿದು, ಸ್ವಲ್ಪ ಹೊತ್ತು ನಿಂತು, ಇಳಿಸುತ್ತಾರೆ. ಮತ್ತೆ ಎತ್ತುತ್ತಾರೆ. ಬೇಸಿಗೆಯಿಂದಲೂ ಹೀಗೇ. ಏನಾದರೂ ವ್ಯಾಯಾಮವೇ?"

"ಹೌದು, ವ್ಯಾಯಾಮ" ಎಂದೆ. ಅವನಿಗೆ ತನ್ನ ಕೈಯ ವಿಷಯ ಯಾರೂ ಹೇಳಬೇಕಾಗಿರಲಿಲ್ಲ. ಎಲ್ಲರಿಗಿಂತ ಮೊದಲೇ ಗೊತ್ತಿತ್ತು. ನಾನು ಮಹಡಿಯ ಮೇಲೆ ಮಲಗಿ ನಿದ್ದೆ ಮಾಡುತ್ತಿದ್ದಾಗ ಅವನು ಕೆಳಗೆ ಒಬ್ಬನೇ ನಿಂತು ಆ ಕೈಯೊಂದಿಗೆ ಕುಸ್ತಿ ಮಾಡುತ್ತಿದ್ದ.

ನೀನಾ ಬಂದು ಬಾಗಿಲು ತೆಗೆದಳು. ಅವಳಿಗೆ ಊರುಗೋಲಿನ ಮಾತು ಹೇಳಿದೆ. ಕೋಟು ಬಿಚ್ಚದೆ ನಡುಮನೆಯಲ್ಲಿ ಕೂತು ಅತ್ತಳು. ಆಮೇಲೆ ಮುಖ ತೊಳೆದುಕೊಂಡು, ಅವಳ ಅಮ್ಮ ಮಾಡುತ್ತಿದ್ದ ಹಾಗೆ ಅಕ್ಕಿರೊಟ್ಟಿ ಮಾಡಲು ಹೊರಟಳು. ರೊಟ್ಟಿ ಹರಿಯಿತು. ಹರಿದದ್ದನ್ನೇ ತಿಂದೆವು.

ಉತ್ತಯ್ಯ ಬಂದ ಮೇಲೆ

ಅವನು ಒಂದು ಮಧ್ಯಾಹ್ನ ಬಂದ. ಮುಖ ಕಪ್ಪಾಗಿತ್ತು, ಸಣ್ಣಗಾಗಿದ್ದ. ಉದ್ದನೆಯ ಪೆಟ್ಟಿಗೆಯಿರಲಿಲ್ಲ. ರೈಫಲನ್ನು ಬರುವ ದಾರಿಯಲ್ಲೇ ಕೋವಿ ವ್ಯಾಪಾರಿಗೆ ಒಪ್ಪಿಸಿ ಬಂದಿದ್ದ. ಸ್ನಾನ ಮಾಡಿ, ಊಟ ಮಾಡಿ, ಹಿತ್ತಿಲಿನ ಬೆಂಚಿನ ಮೇಲೆ ಬಿಸಿಲಿಗೆ ಕೂತ. ನಾನೂ ಹೋಗಿ ಕೂತೆ. ಕೇಳುವುದು ಬೇಡವೆಂದುಕೊಂಡೆ. ಅವನೇ ಶುರುಮಾಡಿದ.

"ಮೊದಲನೇ ದಿನ ಕ್ಯಾಂಪಲ್ಲಿ ಮರಕ್ಕೆ ಪೇಪರ್ ಅಂಟಿಸಿ ಹೊಡೆಸಿ ನೋಡ್ತಾರೆ, ಎಲ್ಲರಿಗೂ ಹಂಗೇ. ಇಲ್ಲಿಗಿಂತ ಕೆಟ್ಟದಾಗಿ ಹೊಡೆದೆ. ಜೊತೆಗೆ ಬರೋ ಬೇಟೆಗಾರ, ಒಳ್ಳೇ ಮನುಷ್ಯ, 'ಪ್ರಯಾಣದ ಆಯಾಸ ಡಾಕ್ಟರ್, ನಾಳೆ ಸರಿಹೋಗುತ್ತೆ' ಅಂದ."

ಆಮೇಲೆ ದಿನಾ ನಡೆದರಂತೆ. ದಿನಾ ಕೋಣಗಳು ಸಿಕ್ಕವು. ದಿನಾ ಆ ಬೇಟೆಗಾರ ಏನಾದರೊಂದು ಹೇಳುತ್ತಿದ್ದ. ಗಾಳಿ ತಿರುಗಿತು. ಹಿಂದೆ ಗುಂಪಿನ ಹೆಣ್ಣೊಂದಿದೆ, ಗುಂಡು ತೂರಿಹೋಗಿ ಅದಕ್ಕೂ ತಗಲುತ್ತೆ. ಇದು ಇನ್ನೂ ಎಳೆಯದು.

"ಒಂದಿನ ಒಂದು ಮುದಿ ಕೋಣ ಸಿಕ್ತು ಕಣೋ. ಒಂಟಿ. ಅಡ್ಡಕ್ಕೆ ತಿರುಗಿ ನಿಂತಿತ್ತು, ಆ ಮರ ಇದೆಯಲ್ಲ, ಅಷ್ಟು ದೂರ. ಕೋಲು ನಿಲ್ಲಿಸಿದ್ರು, ರೈಫಲ್ ಇಟ್ಟೆ. ಬೇಟೆಗಾರ ಕಿವೀಲಿ, ತಡೀರಿ, ಕೊಂಬಿನ ಬುಡ ಇನ್ನೂ ಗಟ್ಟಿಯಾಗಿಲ್ಲ, ಇದು ಮರಿ ಅಂತಾನೆ. ನಾನು ಕುರುಡನಾ? ಬಂಡೆ ಇದ್ದಂಗಿತ್ತು ಆ ಬುಡ. ಯಾಕೆ ಹಿಂಗಂತಾನೆ ಅಂತ ತಲೆ ಎತ್ತಿದೆ. ಮುಂದೆ ಹೆಜ್ಜೆ ನೋಡೋನು ಕೂತಿದ್ನಲ್ಲ, ಅವನು ಕೋಣನ್ನ ನೋಡ್ತಿರಲಿಲ್ಲ. ತಿರುಗಿ ನನ್ನ ಕೈ ನೋಡ್ತಿದ್ದ."

ಬೆಂಚಿನ ಮೇಲೆ ಬಿದ್ದಿದ್ದ ಓಕ್ ಎಲೆಯೊಂದನ್ನು ಕೆಳಗೆ ತಳ್ಳಿದ.

"ತೋಟಾ ತೆಗೆದು ರೈಫಲ್ ಬೇಟೆಗಾರನ ಕೈಗೆ ಕೊಟ್ಟೆ. ಅವನು ಏನೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು ಮಾದೇವ. ಅಡುಗೆಯವನಿಗೂ ಗೊತ್ತಿತ್ತು. ನನ್ನ ಮರ್ಯಾದೆ ಉಳಿಸೋಕೆ ಅಷ್ಟೂ ದಿನ ಸುಳ್ಳು ಹೇಳ್ಕೊಂಡು ಬಿಸಿಲಲ್ಲಿ ನಡೆದಿದ್ರು. ನಾನೂ ಪೇಷಂಟ್‌ಗಳಿಗೆ ಹಂಗೇ ಹೇಳ್ತಿದ್ದೆ. ಇವತ್ತು ಬಿ.ಪಿ. ಜಾಸ್ತಿ ಇದೆ, ಆಪರೇಷನ್ ಮುಂದಿನ ವಾರ ನೋಡೋಣ ಅಂತ. ಅವರು ಥ್ಯಾಂಕ್ಸ್ ಹೇಳಿ ಹೋಗೋರು. ನಾನೂ ಕ್ಯಾಂಪಿನವರಿಗೆ ಥ್ಯಾಂಕ್ಸ್ ಹೇಳಿದೆ." ನನ್ನ ಕಡೆ ತಿರುಗಿದ. "ನೀನು ಮುಖದ ಮೇಲೆ ಹೇಳಿದ್ದಕ್ಕೆ ನಿನ್ನ ಜೊತೆ ಮಾತು ಬಿಟ್ಟೆ."

"ಇರಲಿ ಬಿಡು."

"ಉಳಿದ ದಿನ ಬರೀ ಕೈಲಿ ನಡೆದೆ ಅವರ ಜೊತೆ. ಚೆನ್ನಾಗಿತ್ತು. ನೀನು ಇದ್ದಿದ್ರೆ ಇನ್ನೂ ಚೆನ್ನಾಗಿರೋದು." ಮತ್ತೆ ಮರದ ಕಡೆ ನೋಡಿದ. "ಸೋಮವಾರ ನೀನಾ ಜೊತೆ ನರಗಳ ಡಾಕ್ಟರ ಹತ್ರ ಹೋಗ್ತಿದೀನಿ. ಏನು ಹೇಳ್ತಾರೆ ಅಂತ ನನಗೆ ಗೊತ್ತು. ಅದಲ್ಲ. ಇನ್ನು ಬೆಳಿಗ್ಗೆ ಎದ್ದು ಏನು ಮಾಡೋದು? ನೀನು ರಿಟೈರ್ ಆದ ಮೇಲೆ ಏನು ಮಾಡಿದೆ?"

ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ, ಮನೆಯವರೂ ಕೇಳಿರಲಿಲ್ಲ. ಉಪದೇಶದ ಮಾತುಗಳು ಬಾಯಿಗೆ ಬಂದವು, ನುಂಗಿಕೊಂಡೆ.

"ಮೊದಲನೇ ವರ್ಷ ಇಲಾಖೆ ಜೀಪು ಬರೋ ಹೊತ್ತಿಗೆ ಇಸ್ತ್ರಿ ಮಾಡಿದ ಶರಟು ಹಾಕ್ಕೊಂಡು ಗೇಟ್ ಹತ್ರ ನಿಂತ್ಕೋತಿದ್ದೆ" ಎಂದೆ. "ಜೀಪು ಬರಲ್ಲ ಅಂತ ಗೊತ್ತು. ಆದ್ರೂ ಕಾಲು ಅಲ್ಲಿಗೇ ಹೋಗೋದು. ಪೇಪರ್ ಹಾಕೋನು ದಿನಾ ಕೇಳೋನು, ಎಲ್ಲಿಗೆ ಡಾಕ್ಟ್ರೇ ಅಂತ. ಇಲ್ಲೇ ಅಂತಿದ್ದೆ."

ಉತ್ತಯ್ಯ ನಗಲಿಲ್ಲ. ರೋಗಿಯೊಬ್ಬ ತನ್ನ ಕಾಯಿಲೆ ಶುರುವಾದ ಬಗೆ ಹೇಳುವಾಗ ಒಳ್ಳೆಯ ಡಾಕ್ಟರು ಹೇಗೆ ಕೇಳುತ್ತಾರೋ ಹಾಗೆ, ಸ್ವಲ್ಪ ನನ್ನ ಕಡೆ ಬಾಗಿ ಕೂತಿದ್ದ.

"ಆಮೇಲೆ?" ಎಂದ.

ಎರಡನೆಯ ವರ್ಷದ ವಿಷಯ ಹೇಳತೊಡಗಿದೆ.